ಎಪ್ಪತ್ತು ಕಿಲೋ ನಾಯಿಗೆ ಎಂಥ ಹಾಸಿಗೆ?

ಗ್ರೇಟ್ ಡೇನ್ ಮಲಗುವುದನ್ನು ನೋಡಬೇಕಾಗಿಲ್ಲ, ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡರೂ ಸಾಕು. ಇದ್ದಲ್ಲೇ ಎರಡು ಸುತ್ತು ಹಾಕುತ್ತದೆ, ಉಗುರಿನಿಂದ ನೆಲ ಕೆರೆಯುತ್ತದೆ, ಮುಂಗಾಲು ಮಡಚಲು ಶುರುಮಾಡುತ್ತದೆ. ಅರ್ಧಕ್ಕೆ ಬಂದಮೇಲೆ ಮೈಭಾರ ತಡೆಯಲಾಗದೆ ಅಕ್ಕಿಮೂಟೆ ಇಳಿಸಿದ ಹಾಗೆ ಧೊಪ್ಪೆಂದು ಬಿದ್ದುಬಿಡುತ್ತದೆ. ಟೈಲ್ಸ್ ಹಾಕಿದ ಮನೆಯಾದರೆ ಆ ಸದ್ದಿನ ನಡುವೆ ಸಣ್ಣದೊಂದು ‘ಟಕ್’ ಕೂಡ ಇರುತ್ತದೆ. ಅದು ಮೊಣಕೈ ಮೂಳೆ ನೆಲಕ್ಕೆ ತಾಗಿದ್ದು. ದಿನಕ್ಕೆ ಹತ್ತಾರು ಸಲ ಎದ್ದು ಮಲಗುವ ನಾಯಿಗೆ ಅಷ್ಟೂ ಸಲ ಅಲ್ಲೇ ಪೆಟ್ಟು.

ನಾಯಿಗೆ ಹಾಸಿಗೆ ಎಂದರೆ ನಗುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ನಗುವಿನಲ್ಲಿ ಪೂರ್ತಿ ತಪ್ಪೇನಿಲ್ಲ. ಊರ ಕಡೆ ಹಿತ್ತಿಲ ಬಾಗಿಲಲ್ಲಿ ಒಂದು ಗೋಣಿತಾಟು ಎಸೆದರೆ ನಾಯಿಯ ವ್ಯವಸ್ಥೆ ಮುಗಿಯಿತು. ಅದೂ ಬೇಡವೆನಿಸಿದರೆ ನಾಯಿಯೇ ಎದ್ದು ಹೋಗಿ ಬೂದಿಗುಂಡಿಯನ್ನೋ ಮರಳಿನ ರಾಶಿಯನ್ನೋ ಹುಲ್ಲು ಬಣವೆಯ ಬುಡವನ್ನೋ ಹುಡುಕಿಕೊಂಡು, ತನ್ನ ಮೈಗೆ ಸರಿಯಾಗಿ ಕೆರೆದು ತಗ್ಗು ಮಾಡಿಕೊಂಡು ಮಲಗುತ್ತಿತ್ತು. ಹದಿನೈದು ಇಪ್ಪತ್ತು ಕಿಲೋ ತೂಗುವ ನಾಡನಾಯಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇನ್ನೊಂದಿಲ್ಲ. ಆದರೆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ನುಣ್ಣನೆಯ ವಿಟ್ರಿಫೈಡ್ ನೆಲದ ಮೇಲೆ, ಎಪ್ಪತ್ತು ಕಿಲೋದ ಪ್ರಾಣಿಯನ್ನು ತಂದು ಕೂರಿಸಿದವರು ನಾವು. ಬೂದಿಗುಂಡಿ ಹುಡುಕುವ ಸ್ವಾತಂತ್ರ್ಯ ಅದಕ್ಕಿಲ್ಲ. ಏನು ಹಾಸುತ್ತೇವೋ ಅದೇ ಗತಿ.

ತೂಕದ ಮಾತು ಬಂದದ್ದರಿಂದ ಲೆಕ್ಕ ಹೇಳಿಬಿಡುತ್ತೇನೆ. ಗಂಡು ಗ್ರೇಟ್ ಡೇನ್ ಭುಜದ ಬಳಿ ಕನಿಷ್ಠ 80 ಸೆಂಟಿಮೀಟರ್ ಎತ್ತರ ಇರಬೇಕೆಂದು ತಳಿಯ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ತೂಕ 60ರಿಂದ 80 ಕಿಲೋ. ಸೇಂಟ್ ಬರ್ನಾರ್ಡ್ ಕೂಡ ಹೆಚ್ಚುಕಡಿಮೆ ಅಷ್ಟೇ. ಇಂಗ್ಲಿಷ್ ಮ್ಯಾಸ್ಟಿಫ್ ನೂರು ಕಿಲೋ ಮುಟ್ಟುವುದೂ ಉಂಟು. ನಮ್ಮ ಮನೆಗಳಲ್ಲಿ ‘ದೊಡ್ಡ ನಾಯಿ’ ಎನಿಸಿಕೊಂಡಿರುವ ಲ್ಯಾಬ್ರಡಾರ್ ಮೂವತ್ತರ ಆಸುಪಾಸಿನದು. ಹಾಸಿಗೆ ಮಾರುವವರು ಲ್ಯಾಬ್ರಡಾರ್‌ಗೆ ‘ಎಲ್’, ಡೇನ್‌ಗೆ ‘ಎಕ್ಸ್‌ಎಕ್ಸ್‌ಎಲ್’ ಎನ್ನುತ್ತಾರೆ. ಉದ್ದ ಅಗಲ ಹೆಚ್ಚಿಸಿ, ಒಳಗಿನ ಸರಕು ಮತ್ತು ದಪ್ಪ ಅದೇ ಇಟ್ಟು, ಬೆಲೆ ಎರಡರಷ್ಟು ಮಾಡುತ್ತಾರೆ. ಮೋಸ ಆಗುವುದು ಇಲ್ಲೇ.

ಇದು ಯಾಕೆ ಮೋಸ ಎಂಬುದನ್ನು ಗೆಲಿಲಿಯೊ 1638ರಲ್ಲೇ ವಿವರಿಸಿದ್ದ. ಪ್ರಾಣಿಯ ಎತ್ತರ ಎರಡರಷ್ಟಾದರೆ, ಆಕಾರ ಅದೇ ಇದ್ದರೆ, ಮೈಯ ಹೊರಮೈ ನಾಲ್ಕರಷ್ಟಾಗುತ್ತದೆ, ತೂಕ ಮಾತ್ರ ಎಂಟರಷ್ಟು. ಇದೇ ಸೂತ್ರವನ್ನು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರ ತನ್ನ ಪ್ರಬಂಧವೊಂದರಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬಿಡಿಸಿಟ್ಟ. ಮುಂದೆ ಭಾರತದ ಪೌರನಾಗಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. ಹಾಸಿಗೆಯ ಮಟ್ಟಿಗೆ ಇದರ ಅರ್ಥ ಸರಳ. ನಾಯಿ ದೊಡ್ಡದಾದಂತೆ, ಅದರ ಮೈ ನೆಲಕ್ಕೆ ತಾಗುವ ಜಾಗದ ಪ್ರತಿ ಅಂಗುಲದ ಮೇಲೂ ಭಾರ ಏರುತ್ತ ಹೋಗುತ್ತದೆ. ಆ ಭಾರವೂ ಮೈತುಂಬ ಸಮನಾಗಿ ಹಂಚಿಕೊಳ್ಳುವುದಿಲ್ಲ. ಮೊಣಕೈ, ಭುಜದ ಕೀಲು, ಸೊಂಟದ ಮೂಳೆಯ ತುದಿ, ಹಿಂಗಾಲಿನ ಗಿಣ್ಣು ಈ ನಾಲ್ಕೈದು ಕಡೆ ಬಂದು ಕೂರುತ್ತದೆ. ಡೇನ್‌ಗೆ ಅಲ್ಲಿ ಮಾಂಸವಿಲ್ಲ, ಚರ್ಮದ ಕೆಳಗೆ ನೇರ ಮೂಳೆ. ಲ್ಯಾಬ್ರಡಾರ್‌ಗೆ ಮೂರು ಇಂಚು ಫೋಮ್ ಸಾಕಾಗಿದ್ದರೆ, ಅದೇ ಫೋಮು ಡೇನ್‌ನ ಮೊಣಕೈ ಕೆಳಗೆ ಕಾಗದದಷ್ಟು ತೆಳ್ಳಗಾಗಿ ನೆಲ ಸಿಗುತ್ತದೆ.

ನೆಲ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ನನ್ನ ಪರಿಚಯದ ಮನೆಯ ಭೀಮ ಎಂಬ ನಾಯಿಯೇ ಉದಾಹರಣೆ. ಒಂದು ವರ್ಷ ತುಂಬುವ ಹೊತ್ತಿಗೆ ಅದರ ಎಡ ಮೊಣಕೈ ಮೇಲೆ ನಿಂಬೆಹಣ್ಣಿನ ಗಾತ್ರದ ಊತ. ಮುಟ್ಟಿದರೆ ಮೆತ್ತಗೆ, ಒತ್ತಿದರೆ ಒಳಗೆ ನೀರು ಅಲುಗುತ್ತಿತ್ತು. ನಾಯಿಗೆ ನೋವಿಲ್ಲ, ಮನೆಯವರಿಗೆ ಮಾತ್ರ ಗಡ್ಡೆಯಿರಬೇಕೆಂದು ಜೀವ ಬಾಯಿಗೆ ಬಂದಿತ್ತು. ಪಶುವೈದ್ಯರು ನೋಡಿ, ಇದು ಹೈಗ್ರೋಮಾ ಎಂದರು. ಗಟ್ಟಿ ನೆಲಕ್ಕೆ ಮೂಳೆ ಪದೇಪದೇ ಬಡಿದಾಗ, ತನ್ನನ್ನು ಕಾಪಾಡಿಕೊಳ್ಳಲು ದೇಹ ಆ ಜಾಗದಲ್ಲಿ ದ್ರವ ತುಂಬಿದ ಚೀಲವೊಂದನ್ನು ಕಟ್ಟಿಕೊಳ್ಳುತ್ತದೆ. ಬೇಗ ಮೈ ಬೆಳೆಸಿಕೊಳ್ಳುವ, ಮೊಣಕೈಯಲ್ಲಿ ಇನ್ನೂ ಚರ್ಮ ದಪ್ಪಗಟ್ಟದ ಎಳೆಯ ದೊಡ್ಡ ನಾಯಿಗಳಿಗೆ ಇದು ಹೆಚ್ಚು. ಸೂಜಿ ಹಾಕಿ ನೀರು ತೆಗೆದುಬಿಡಿ ಎಂದು ಮನೆಯವರು ದುಂಬಾಲು ಬಿದ್ದರೂ ವೈದ್ಯರು ಒಪ್ಪಲಿಲ್ಲ. ತೆಗೆದರೆ ಮತ್ತೆ ತುಂಬುತ್ತದೆ, ಸೂಜಿ ಹೋದ ದಾರಿಯಲ್ಲಿ ಸೋಂಕು ಹೊಕ್ಕರೆ ಸುಮ್ಮನಿದ್ದ ಊತ ಕೀವಾಗುತ್ತದೆ. ಅವರು ಬರೆದುಕೊಟ್ಟ ಚೀಟಿಯಲ್ಲಿ ಔಷಧಿಗಿಂತ ಮೊದಲು ಇದ್ದದ್ದು ‘ದಪ್ಪ ಹಾಸಿಗೆ’. ಆ ಮನೆಯಲ್ಲಿ ಹಾಸಿಗೆ ಇರಲಿಲ್ಲವೆಂದಲ್ಲ. ಅಂಗಡಿಯಿಂದ ತಂದ, ಅಂಚಿಗೆ ದಿಂಬು ಹೊಲಿದ, ನಡುವೆ ಪಾಲಿಯೆಸ್ಟರ್ ಹತ್ತಿ ತುಂಬಿದ ಚಂದದ ಹಾಸಿಗೆಯೊಂದಿತ್ತು. ಭೀಮ ನಾಲ್ಕು ದಿನ ಮಲಗಿದ್ದೇ ತಡ, ಹತ್ತಿಯೆಲ್ಲ ಅಂಚಿಗೆ ಸರಿದು, ನಾಯಿ ನಡುವಿನ ಬಟ್ಟೆಯ ಮೇಲೆ, ಅಂದರೆ ನೆಲದ ಮೇಲೆ, ಮಲಗುತ್ತಿತ್ತು. ನೋಡಿದವರಿಗೆ ಹಾಸಿಗೆಯೇ, ಮೊಣಕೈಗೆ ಟೈಲ್ಸೇ.

ಭೀಮನ ಮನೆಯಾಕೆಯ ಜೊತೆ ನಾನೂ ಹಾಸಿಗೆ ಅಂಗಡಿಗೆ ಹೋದೆ. ನಾಯಿ ಸಾಮಾನಿನ ಅಂಗಡಿಗಲ್ಲ, ಮನುಷ್ಯರ ಗಾದಿ ಮಾರುವ ಹಳೇ ಅಂಗಡಿಗೆ. ಅಂಗಡಿಯವರದು ಪಿಂಜಾರ ಮನೆತನ. ಅವರ ಅಜ್ಜ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ ಹತ್ತಿ ಹಿಂಜುತ್ತಿದ್ದರಂತೆ. ಮೊಮ್ಮಗ ಈಗ ಹತ್ತಿಯ ಜೊತೆ ಫೋಮನ್ನೂ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಈಕೆ ಐದಡಿ ನಾಲ್ಕಡಿ ಎಂದು ಅಳತೆಯ ಚೀಟಿ ತೆಗೆದರು.

“ಅಕ್ಕಾರ, ಉದ್ದ ಆಮ್ಯಾಲ ಹೇಳ್ರಿ. ನಾಯಿ ತೂಕ ಎಷ್ಟದ ಮೊದಲ ಹೇಳ್ರಿ.”

“ಎಪ್ಪತ್ತರ ಹತ್ರ ಬಂದದ್ರಿ ಅಣ್ಣಾರ.”

“ಅಂದ್ರ ಅದು ನಾಯಿ ಅಂತ ತಿಳಕೋಬ್ಯಾಡ್ರಿ. ಮನಿಯಾಗ ಇನ್ನೊಬ್ಬ ಗಂಡಸ ಮಲಗ್ತಾನ ಅಂತ ತಿಳಕೋರಿ.”

ಹಾಗೆಂದು ಬೇರೆ ಬೇರೆ ಫೋಮಿನ ನಾಲ್ಕು ತುಂಡು ನೆಲಕ್ಕೆ ಹಾಕಿ, ಮೊಣಕಾಲು ಊರಿ ನೋಡಲು ಹೇಳಿದರು. ಅಂಗೈಯಿಂದ ಒತ್ತಿದರೆ ನಾಲ್ಕೂ ಒಂದೇ ತರಹ ಅನ್ನಿಸುತ್ತವೆ. ಅಂಗೈ ಅಗಲ, ಭಾರ ಹಂಚಿಹೋಗುತ್ತದೆ. ಮೊಣಕಾಲು ಊರಿ ಮೈಭಾರ ಅದರ ಮೇಲೆ ಬಿಟ್ಟಾಗ ಒಂದರಲ್ಲಿ ನೆಲ ತಕ್ಷಣ ತಗುಲಿತು, ಇನ್ನೊಂದರಲ್ಲಿ ಹತ್ತೆಣಿಸುವಷ್ಟರಲ್ಲಿ ಮೆಲ್ಲಗೆ ತಗುಲಿತು, ಉಳಿದೆರಡು ತಡೆದುಕೊಂಡವು. ನಾಯಿಯ ಮೊಣಕೈಗೆ ನಮ್ಮಲ್ಲಿರುವ ಹತ್ತಿರದ ಅಳತೆಗೋಲು ನಮ್ಮ ಮೊಣಕಾಲೇ. ಆನ್‌ಲೈನಿನಲ್ಲಿ ತರಿಸಿದರೂ ಮೊದಲ ದಿನವೇ ಈ ಪರೀಕ್ಷೆ ಮಾಡಿ, ನೆಲ ಹತ್ತಿದರೆ ಮುಲಾಜಿಲ್ಲದೆ ವಾಪಸ್ ಕಳಿಸಬೇಕು.

ಹಾಸಿಗೆ ವ್ಯಾಪಾರದಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎಂಬ ಮಾತು ಪದೇಪದೇ ಕಿವಿಗೆ ಬೀಳುತ್ತದೆ. ಒಂದು ಘನ ಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೆ ಎಂಬುದಷ್ಟೇ ಅದು. ಅದನ್ನೇ ಗಡಸುತನ ಎಂದು ತಿಳಿಯುವವರು ಬಹಳ. 40ರ ಫೋಮು ಮೆತ್ತಗೂ ಇರಬಹುದು, 20ರದು ಗಟ್ಟಿಯೂ ಇರಬಹುದು. ಸಾಂದ್ರತೆ ಹೇಳುವುದು ಆಯುಸ್ಸನ್ನು. ಕಡಿಮೆ ಸಾಂದ್ರತೆಯ ಫೋಮಿನಲ್ಲಿ ಸರಕು ಕಡಿಮೆ, ಗಾಳಿ ಜಾಸ್ತಿ. ಭಾರದ ಕೆಳಗೆ ಅದರ ಸೂಕ್ಷ್ಮ ಗೋಡೆಗಳು ಬೇಗ ಮುರಿದು, ಕೆಲವೇ ತಿಂಗಳಲ್ಲಿ ನಡುವೆ ಹಳ್ಳ ಬೀಳುತ್ತದೆ. ಎಪ್ಪತ್ತು ಕಿಲೋದ ನಾಯಿಗೆ 32ಕ್ಕಿಂತ ಕೆಳಗಿಳಿಯುವುದು ಬೇಡ, 40 ಆದರೆ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಹಾಸಿಗೆಯ ಸಾಂದ್ರತೆ ಪತ್ತೆ ಹಚ್ಚಲು ಸುಲಭದ ಉಪಾಯವಿದೆ. ಮನೆಯ ತೂಕದ ಯಂತ್ರದ ಮೇಲೆ ಹಾಸಿಗೆ ಹಿಡಿದು ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಆರಡಿ ಉದ್ದ, ನಾಲ್ಕಡಿ ಅಗಲ, ಐದು ಇಂಚು ದಪ್ಪದ ಫೋಮು 40 ಡೆನ್ಸಿಟಿಯದಾದರೆ ಹನ್ನೊಂದು ಕಿಲೋ ಮೀರಬೇಕು. 32 ಆದರೆ ಒಂಬತ್ತು. ಹೊದಿಕೆಯೂ ಸೇರಿ ಐದಾರು ಕಿಲೋ ಬಂದರೆ ಒಳಗಿರುವುದು ಪ್ಯಾಕಿಂಗ್ ಫೋಮಿನ ಹತ್ತಿರದ ಸರಕು ಎಂದು ಧೈರ್ಯವಾಗಿ ಹೇಳಬಹುದು. ತೂಕ ವಿಪರೀತ ಹೆಚ್ಚು ಬಂದರೂ ಜಿಪ್ ತೆಗೆದು ನೋಡಿ. ಬಣ್ಣಬಣ್ಣದ ಚೂರುಗಳನ್ನು ಅಂಟಿಸಿ ಒತ್ತಿದಂತಿದ್ದರೆ ಅದು ರೀಬಾಂಡೆಡ್, ಫೋಮ್ ಕಾರ್ಖಾನೆಯ ತುಂಡುತುಣುಕುಗಳಿಂದ ಮಾಡಿದ್ದು. ಕೆಟ್ಟದ್ದೇನಲ್ಲ, ತಳಕ್ಕೆ ಬಹಳ ಚೆನ್ನ. ಮೇಲ್ಪದರಕ್ಕೆ ಮಾತ್ರ ಗಟ್ಟಿಯಾಯಿತು.

ಜಿಪ್ಪೇ ಇಲ್ಲದ ಹಾಸಿಗೆಯನ್ನು ಕೊಳ್ಳಲೇಬೇಡಿ. ತೊಳೆಯಲು ಬರುವುದಿಲ್ಲ ಎಂಬುದು ಒಂದು ಕಾರಣ, ಒಳಗೇನಿದೆ ಎಂದು ನೀವು ನೋಡಬಾರದೆಂದು ಯಾರೋ ಬಯಸಿದ್ದಾರೆ ಎಂಬುದು ಇನ್ನೊಂದು.

‘ಆರ್ಥೋಪೆಡಿಕ್’ ಎಂದು ಅಚ್ಚು ಹಾಕಿದ್ದನ್ನು ನೋಡಿ ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ನಾಯಿಯ ಹಾಸಿಗೆಯ ಮೇಲೆ ಆ ಪದ ಬರೆಯಲು ಯಾವ ವೈದ್ಯರ ಅಪ್ಪಣೆಯೂ ಬೇಕಿಲ್ಲ. ಮೊಟ್ಟೆಯ ಟ್ರೇ ಹಾಗೆ ಉಬ್ಬುತಗ್ಗು ಕತ್ತರಿಸಿದ ಎರಡು ಇಂಚಿನ ಫೋಮಿಗೂ ಅದೇ ಹೆಸರು. ಆ ಉಬ್ಬುಗಳು ಡೇನ್‌ನ ಸೊಂಟದ ಕೆಳಗೆ ಒಂದು ಗಂಟೆಯೂ ಉಬ್ಬಾಗಿ ಉಳಿಯುವುದಿಲ್ಲ.

ಹಾಗಾದರೆ ಯಾವ ಸರಕು? ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಓಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಪಾಲಿಯುರಿಥೇನ್ ಕಂಡುಹಿಡಿದ ಮೇಲೆ ಬಂದದ್ದು ಈಗಿನ ಸಾಮಾನ್ಯ ಫೋಮು. ಮೆಮರಿ ಫೋಮ್ ಅದರದೇ ಇನ್ನೊಂದು ಬಗೆ. 1966ರಲ್ಲಿ ಚಾರ್ಲ್ಸ್ ಯೋಸ್ಟ್ ನಾಸಾದ ಏಮ್ಸ್ ಕೇಂದ್ರಕ್ಕಾಗಿ ವಿಮಾನದ ಆಸನಕ್ಕೆಂದು ರೂಪಿಸಿದ್ದು. ಮೈಶಾಖಕ್ಕೆ ಮೆದುವಾಗಿ, ಮೈಯ ಆಕಾರಕ್ಕೆ ತಗ್ಗಿ, ಎದ್ದಮೇಲೆ ನಿಧಾನವಾಗಿ ಮೊದಲಿನಂತಾಗುತ್ತದೆ. ಮೂಳೆ ಒತ್ತುವ ಕಡೆ ಭಾರ ಹಂಚುವುದರಲ್ಲಿ ಇದರಷ್ಟು ಜಾಣ ಸರಕು ಕಡಿಮೆ. ಆದರೆ ಇಡೀ ಹಾಸಿಗೆ ಮೆಮರಿ ಫೋಮೇ ಆದರೆ ದೊಡ್ಡ ನಾಯಿ ಅದರಲ್ಲಿ ಹೂತುಹೋಗುತ್ತದೆ. ಏಳುವಾಗ ಊರಿಕೊಳ್ಳಲು ಗಟ್ಟಿ ಸಿಗದೆ ಒದ್ದಾಡುತ್ತದೆ. ಜೊತೆಗೆ ಅದು ಶಾಖ ಹಿಡಿದಿಡುತ್ತದೆ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಏಪ್ರಿಲ್ ತಿಂಗಳ ಹುಬ್ಬಳ್ಳಿ, ಕಲಬುರಗಿಯಲ್ಲಿ ದಪ್ಪ ಕೂದಲಿನ ಸೇಂಟ್ ಬರ್ನಾರ್ಡ್‌ಗೆ ಮೆಮರಿ ಫೋಮ್ ಹಾಸುವುದು ಹಿಂಸೆ. ಮಡಿಕೇರಿಯ ಡಿಸೆಂಬರಿನಲ್ಲಿ ಇನ್ನೊಂದು ತಾಪತ್ರಯ. ಚಳಿಗೆ ಅದೇ ಫೋಮು ಬಿರುಸಾಗುತ್ತದೆ.

ನನಗೆ ಹೆಚ್ಚು ಒಪ್ಪಿಗೆಯಾದದ್ದು ಲ್ಯಾಟೆಕ್ಸ್. ರಬ್ಬರ್ ಹಾಲನ್ನು ನೊರೆಯೆಬ್ಬಿಸಿ ಅಚ್ಚಿನಲ್ಲಿ ಬೇಯಿಸುವ ಈ ವಿಧಾನ ಡನ್‌ಲಪ್ ಕಂಪನಿಯಲ್ಲಿ 1929ರಲ್ಲಿ ಹುಟ್ಟಿದ್ದು. ಅದಕ್ಕೆ ಬೇಕಾದ ಹಾಲು ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲೇ ಇಳಿಯುತ್ತದೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ತಕ್ಷಣ ಪುಟಿಯುತ್ತದೆ, ಮೈತುಂಬ ಸೂಜಿತೂತುಗಳಿರುವುದರಿಂದ ಗಾಳಿಯಾಡುತ್ತದೆ. ತೊಂದರೆ ಎರಡು. ಬೆಲೆ ಹೆಚ್ಚು, ತೂಕ ಇನ್ನೂ ಹೆಚ್ಚು. ಒಣಗಿಸಲು ಹೊರಗೆ ಸಾಗಿಸಬೇಕಾದರೆ ಇಬ್ಬರು ಬೇಕು, ಅದೂ ನೆರಳಿಗೆ. ಸುಡುಬಿಸಿಲಿಗೆ ಲ್ಯಾಟೆಕ್ಸ್ ಪುಡಿಯಾಗತೊಡಗುತ್ತದೆ.

ಹುಬ್ಬಳ್ಳಿಯ ಅಂಗಡಿಯವರು ಕೊನೆಗೆ ಮಾಡಿಕೊಟ್ಟದ್ದು ಎರಡು ಪದರದ ಗಾದಿ. ಕೆಳಗೆ ನಾಲ್ಕು ಇಂಚು ರಬ್ಬರ್ ಹಾಕಿದ ತೆಂಗಿನ ನಾರು, ಮೇಲೆ ಎರಡು ಇಂಚು ಲ್ಯಾಟೆಕ್ಸ್. ನಾರಿನ ಹಾಸಿಗೆ ಒಂದೇ ಆಗಿದ್ದರೆ ಮೂಳೆಗೆ ಬಿರುಸು, ಲ್ಯಾಟೆಕ್ಸ್ ಒಂದೇ ಆಗಿದ್ದರೆ ಜೇಬಿಗೆ ಭಾರ. ಎರಡನ್ನೂ ಸೇರಿಸಿದಾಗ ಮೇಲ್ಪದರ ಮೊಣಕೈಯನ್ನು ತಾಳಿಕೊಳ್ಳುತ್ತದೆ, ಕೆಳಪದರ ನೆಲ ತಗುಲದಂತೆ ತಡೆಯುತ್ತದೆ, ಏಳುವಾಗ ಕಾಲಿಗೆ ಆಸರೆಯನ್ನೂ ಕೊಡುತ್ತದೆ. ಲ್ಯಾಟೆಕ್ಸ್ ಬದಲಿಗೆ ಒಳ್ಳೆಯ ಮೆದು ಫೋಮ್ ಹಾಕಿಸಿದರೂ ನಡೆದೀತು. ಬರೀ ಹತ್ತಿಯ ಗಾದಿ ಆಗದೇ ಎಂದು ಕೇಳಿದ್ದಕ್ಕೆ, ಹತ್ತಿಯ ಮೇಲೆ ಪ್ರೀತಿಯಿರುವ ಆ ಮನುಷ್ಯರೇ ತಲೆಯಲ್ಲಾಡಿಸಿದರು. ಹೊಸದರಲ್ಲಿ ಅದರಂಥ ಸುಖವಿಲ್ಲ, ಆದರೆ ಭಾರದ ಕೆಳಗೆ ಗಂಟುಗಂಟಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸುವ ವ್ಯವಧಾನ ಈಗ ಯಾರಿಗಿದೆ?

ಹಾಸಿಗೆಯ ಅಳತೆಯನ್ನು ನಾಯಿ ನಿಂತಾಗ ತೆಗೆದುಕೊಳ್ಳಬಾರದು. ಗಾಢನಿದ್ದೆಯಲ್ಲಿ ಪಕ್ಕಕ್ಕೆ ಒರಗಿ ನಾಲ್ಕೂ ಕಾಲು ಚಾಚಿದಾಗ, ಮೂಗಿನಿಂದ ಬಾಲದ ಬುಡದವರೆಗೆ ಒಂದು, ಬೆನ್ನಿನಿಂದ ಪಾದದ ತುದಿಯವರೆಗೆ ಇನ್ನೊಂದು ಅಳತೆ ತೆಗೆದು, ಎರಡಕ್ಕೂ ಒಂದು ಗೇಣು ಸೇರಿಸಬೇಕು. ಡೇನ್‌ಗಳಿಗೆ ಇದು ದಿವಾನ್ ಗಾದಿಯ ಅಳತೆಗೆ ಬಂದು ನಿಲ್ಲುತ್ತದೆ. ಕಾಲು ಹೊರಗೆ ಚಾಚಿಕೊಂಡರೆ ಪರವಾಗಿಲ್ಲ, ಮೊಣಕೈ ಹೊರಗೆ ಬೀಳಬಾರದು.

ತೂಕ ಕಡಿಮೆಯಿದ್ದರೂ ಹಾಸಿಗೆ ಬೇಡುವ ನಾಯಿಯೊಂದು ನಮ್ಮಲ್ಲೇ ಇದೆ, ಮುಧೋಳ. ಇಪ್ಪತ್ತೈದು ಕಿಲೋದ ಆಸುಪಾಸಿನದು, ಆದರೆ ಕೊಬ್ಬೆಂಬುದಿಲ್ಲ, ತೆಳು ಚರ್ಮ, ಎದ್ದು ಕಾಣುವ ಸೊಂಟದ ಮೂಳೆ. ಬಾಗಲಕೋಟೆ ಜಿಲ್ಲೆಯ ಮಣ್ಣಿನಲ್ಲಿ ಓಡಿ ಬೆಳೆದ ತಳಿಯನ್ನು ಬೆಂಗಳೂರಿನ ಗ್ರಾನೈಟ್ ಮೇಲೆ ತಂದು ಮಲಗಿಸಿದರೆ ಮೊಣಕೈಯಲ್ಲೂ ಸೊಂಟದಲ್ಲೂ ಕೂದಲುದುರಿ ಚರ್ಮ ದಡ್ಡುಗಟ್ಟುತ್ತದೆ. ಅದಕ್ಕೆ ಆರು ಇಂಚು ಬೇಕಿಲ್ಲ. ನಾಲ್ಕು ಪದರ ಹೊಲಿದ ದಪ್ಪ ಕೌದಿಯ ಕೆಳಗೆ ಎರಡು ಮೂರು ಇಂಚು ಫೋಮ್ ಇಟ್ಟರೆ ಸಾಕು.

ದೊಡ್ಡ ತಳಿಗಳು ಬೇಗ ಮುಪ್ಪಾಗುತ್ತವೆ ಎಂಬುದನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಗಿನ್ನೆಸ್ ದಾಖಲೆಗೆ ಸೇರಿದ, ಅಮೆರಿಕದ ಮಿಷಿಗನ್‌ನ ಜೀಯಸ್ ಎಂಬ ಡೇನ್ 111.8 ಸೆಂಟಿಮೀಟರ್ ಎತ್ತರವಿತ್ತು. 2014ರಲ್ಲಿ, ಆರು ತುಂಬುವ ಮೊದಲೇ ತೀರಿಕೊಂಡಿತು. ಸಾಮಾನ್ಯವಾಗಿ ಡೇನ್‌ಗಳ ಆಯುಸ್ಸು ಏಳರಿಂದ ಹತ್ತು ವರ್ಷ. ಆರನೇ ವರ್ಷಕ್ಕೇ ಸೊಂಟದ ಕೀಲು ಸವೆದು, ಬೆಳಿಗ್ಗೆ ಏಳುವಾಗ ಹಿಂಗಾಲು ನಡುಗುವುದು ಕಾಣಿಸುತ್ತದೆ. ಹಾಸಿಗೆಯಿಂದ ಸಂಧಿವಾತ ವಾಸಿಯಾಗುತ್ತದೆ ಎಂದು ಮಾರುವವರನ್ನು ನಂಬಬೇಡಿ. ತೂಕ ಇಳಿಸುವುದು, ವೈದ್ಯರು ಕೊಟ್ಟ ನೋವಿನ ಔಷಧಿ, ಹದವಾದ ನಡಿಗೆ ಇವುಗಳ ಜಾಗವನ್ನು ಯಾವ ಫೋಮೂ ತುಂಬುವುದಿಲ್ಲ. ಅದು ಮಾಡುವುದು ಇಷ್ಟೇ: ರಾತ್ರಿಯ ಏಳೆಂಟು ಗಂಟೆ ಸವೆದ ಕೀಲಿಗೆ ಮತ್ತಷ್ಟು ಪೆಟ್ಟು ಬೀಳದ ಹಾಗೆ ನೋಡಿಕೊಳ್ಳುತ್ತದೆ. ಮುದಿ ನಾಯಿಗೆ ಇದೂ ಸಣ್ಣದಲ್ಲ.

ಇಲ್ಲಿ ಹಾಸಿಗೆಯಷ್ಟೇ ಅದರ ಸುತ್ತಲಿನ ನೆಲವೂ ಮುಖ್ಯ. ಏಳುವಾಗ ನಾಯಿ ಮುಂಗಾಲನ್ನು ಹಾಸಿಗೆಯ ಆಚೆ ಊರುತ್ತದೆ. ಅಲ್ಲಿ ನುಣ್ಣನೆಯ ಟೈಲ್ಸ್ ಇದ್ದರೆ ಕಾಲು ಜಾರಿ ಮತ್ತೆ ಬೀಳುತ್ತದೆ. ಎರಡು ಮೂರು ಸಲ ಹೀಗಾದರೆ ಏಳುವುದಕ್ಕೇ ಹೆದರತೊಡಗುತ್ತದೆ. ಹಾಸಿಗೆಯ ಮುಂದೆ ಒಂದು ರಬ್ಬರ್ ಮ್ಯಾಟು, ಇಲ್ಲವೇ ಜಾರದಂತೆ ಬಿಗಿದ ಜಮಖಾನ ಹಾಕಿ. ಹಾಸಿಗೆಯ ಎತ್ತರ ಆರು ಇಂಚು ದಾಟದಿರಲಿ. ಮುದ್ದಾಗಿ ಕಾಣಲೆಂದು ನಾಲ್ಕೂ ಕಡೆ ದಿಂಬಿನ ಗೋಡೆಯಿರುವ ಹಾಸಿಗೆ ಈ ವಯಸ್ಸಿಗೆ ಬೇಡ, ಅದನ್ನು ದಾಟುವುದೇ ಒಂದು ಕೆಲಸ.

ಮಂಗಳೂರು, ಕಾರವಾರದ ಸೆಕೆಯಲ್ಲಿರುವವರು ಹಾಸಿಗೆಯನ್ನೇ ಬಿಟ್ಟು ಕಬ್ಬಿಣದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ಮಂಚ ಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಹೊರಸಿನ ತಮ್ಮ ಎನ್ನಬಹುದು. ಕೆಳಗೆ ಗಾಳಿಯಾಡುತ್ತದೆ, ಮೊಣಕೈಗೆ ತಾಗಲು ಗಟ್ಟಿ ನೆಲವೇ ಇರುವುದಿಲ್ಲ, ಪೈಪಿನಿಂದ ನೀರು ಬಿಟ್ಟು ತೊಳೆಯಬಹುದು. ಹರೆಯದ ನಾಯಿಗೆ ಬಹಳ ಒಳ್ಳೆಯದು. ಆದರೆ ಕ್ಯಾನ್ವಾಸ್ ಎಷ್ಟು ತೂಕ ತಡೆಯುತ್ತದೆ ಎಂದು ಕೇಳಿ, ನಾಯಿ ತೂಕಕ್ಕಿಂತ ಇಪ್ಪತ್ತು ಮೂವತ್ತು ಕಿಲೋ ಹೆಚ್ಚಿನದನ್ನೇ ಆರಿಸಬೇಕು. ನಡುವೆ ಜೋತುಬಿದ್ದ ಮಂಚ ಬೆನ್ನಿಗೆ ಕೆಟ್ಟದ್ದು.

ಹೊದಿಕೆಯಲ್ಲಿ ಎರಡು ಪದರ ಇರಲಿ. ಹೊರಗೆ ಉಗುರಿಗೆ ಬಗ್ಗದ ದಪ್ಪ ಕ್ಯಾನ್ವಾಸ್, ಒಳಗೆ ನೀರಿಳಿಯದ ತೆಳು ಪದರ. ಮ್ಯಾಸ್ಟಿಫ್ ಸಾಕಿದವರಿಗೆ ಜೊಲ್ಲಿನ ಬಗ್ಗೆ ಹೇಳಬೇಕಿಲ್ಲ. ಮುದಿ ನಾಯಿಗಳಿಗೆ ನಿದ್ದೆಯಲ್ಲೇ ಉಚ್ಚೆ ಹೋಗುವುದೂ ಇದೆ. ಒಮ್ಮೆ ಫೋಮಿನೊಳಗೆ ಇಳಿದ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ. ಹೊರ ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದರೆ ಚಿಗಟದ ಮೊಟ್ಟೆಗಳೂ ಹೋಗುತ್ತವೆ. ಹೊದಿಕೆ ಎರಡು ಜೊತೆ ಹೊಲಿಸಿಡಿ, ಮಳೆಗಾಲದಲ್ಲಿ ಒಂದು ಒಣಗುವುದೇ ಇಲ್ಲ.

ಇಷ್ಟೆಲ್ಲ ಖರ್ಚನ್ನು ಮರಿಗೆ ಮಾಡಬೇಡಿ. ಹಲ್ಲು ಬರುವ ಕಾಲದಲ್ಲಿ ಅದು ಹಾಸಿಗೆಯನ್ನು ಹರಿದು ಫೋಮು ನುಂಗುತ್ತದೆ. ನುಂಗಿದ ತುಂಡು ಕರುಳಿಗೆ ಅಡ್ಡ ಕೂತರೆ ಶಸ್ತ್ರಚಿಕಿತ್ಸೆಯೇ ಗತಿ. ಹಲ್ಲು ಬಲಿಯುವ ತನಕ ಹಳೆಯ ಜಮಖಾನ, ಕೌದಿಗಳನ್ನು ನಾಲ್ಕಾರು ಮಡಿಕೆ ಮಾಡಿ ಹಾಸುವುದು ಕ್ಷೇಮ. ಆದರೆ ಬರಿನೆಲ ಬೇಡ. ಮೊಣಕೈಗೆ ಊತ ಬರುವುದು ಈ ವಯಸ್ಸಿನಲ್ಲೇ.

ದುಬಾರಿ ಹಾಸಿಗೆ ತಂದಮೇಲೂ ನಾಯಿ ಹೋಗಿ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದುಕೊಂಡರೆ ಬೈಯುವ ಮೊದಲು ಹಾಸಿಗೆ ಎಲ್ಲಿಟ್ಟಿದ್ದೀರಿ ನೋಡಿ. ಮನೆಮಂದಿಯೆಲ್ಲ ಟಿ.ವಿ. ಮುಂದೆ, ಹಾಸಿಗೆ ಯುಟಿಲಿಟಿಯಲ್ಲಿ ಎಂದಾದರೆ ಯಾವ ನಾಯಿಯೂ ಅಲ್ಲಿ ಮಲಗದು. ಬೇಸಿಗೆಯ ಮಧ್ಯಾಹ್ನ ಅದು ತಂಪು ಹುಡುಕಿಕೊಂಡು ಟೈಲ್ಸ್ ಮೇಲೆ ಹೋಗುವುದು ಸಹಜ, ರಾತ್ರಿ ತಾನಾಗಿ ವಾಪಸು ಬರುತ್ತದೆ. ಭೀಮನಿಗೆ ಹೊಸ ಗಾದಿಯ ಮೇಲೆ ಮನೆಯವರದೇ ಹಳೆಯ ಕೌದಿ ಹಾಸಿದ ಮೇಲೆ ಮನಸ್ಸು ನಿಂತಿತು. ಮೊಣಕೈ ಊತ ಕೆಲವು ತಿಂಗಳಲ್ಲಿ ಇಳಿಯುತ್ತ ಬಂದು, ಈಗ ಅಲ್ಲಿ ದಪ್ಪ ಚರ್ಮವಷ್ಟೇ ಉಳಿದಿದೆ.

ತಿಂಗಳಿಗೊಮ್ಮೆ ಗಾದಿಯ ತಲೆ ಕಾಲು ಬದಲಿಸಿ, ನಾಯಿ ಎದ್ದು ಹೋದಮೇಲೆ ನಡುವೆ ಮತ್ತೆ ಮೊಣಕಾಲು ಊರಿ ನೋಡುತ್ತಿರಿ. ಮೇಲ್ಪದರ ಕುಸಿದಿದ್ದರೆ ಅದೊಂದನ್ನೇ ಬದಲಿಸಬಹುದು, ನಾರಿನ ತಳ ಇನ್ನೂ ಹಲವು ವರ್ಷ ಬರುತ್ತದೆ. ಅಂಗಡಿಗೆ ಹೋದಾಗ ಇಡೀ ಹಾಸಿಗೆ ಹೊಸದು ಮಾಡಿಸಿ ಎನ್ನುತ್ತಾರೆ. ಎರಡು ಇಂಚಿನ ಪದರ ಒಂದೇ ಸಾಕು ಎಂದು ಖಡಾಖಂಡಿತವಾಗಿ ಹೇಳಿ.